ಈಥರ್ನೆಟ್ ಮಾನದಂಡದ ಗುರಿಪಟ್ಟಿಯಲ್ಲಿ 300 ಮೀಟರ್ ಇದೆ, ನಮ್ಮಲ್ಲಿ 180 ಮೀಟರಿಗೇ 10ಜಿ ಲಿಂಕ್ ನಿಲ್ಲುತ್ತಿಲ್ಲ

ಬದಿಯಡ್ಕದ ಮಾಷ್ಟ್ರು:
ಶಾಲೆಯ ಆಫೀಸಿನಿಂದ ಹೈಸ್ಕೂಲ್ ಕಟ್ಟಡದ ಕಂಪ್ಯೂಟರ್ ಲ್ಯಾಬಿಗೆ ಹಳೆಯ ಕಿತ್ತಳೆ ಬಣ್ಣದ ಮಲ್ಟಿಮೋಡ್ ಫೈಬರ್ ಇದೆ, ಸುಮಾರು 180 ಮೀಟರ್. 1ಜಿ (ಸೆಕೆಂಡಿಗೆ 1 ಗಿಗಾಬಿಟ್) ಎಸ್‌ಎಕ್ಸ್ ಮಾಡ್ಯೂಲಿನಲ್ಲಿ ತಕರಾರೇ ಇರಲಿಲ್ಲ. ಎರಡೂ ಕಡೆ 10ಜಿ ಎಸ್‌ಆರ್ ಹಾಕಿದ ಮೇಲೆ ಲಿಂಕ್ ಬರುತ್ತದೆ, ಹೋಗುತ್ತದೆ. ಸಿಆರ್‌ಸಿ ಎರರ್ (ಡೇಟಾ ಕೆಟ್ಟು ತಲುಪಿದ ಲೆಕ್ಕ) ಏರುತ್ತಲೇ ಇದೆ. ರಿಸೀವ್ ಪವರ್, ಅಂದರೆ ತಲುಪುವ ಬೆಳಕಿನ ಬಲ, ಮೈನಸ್ 4 ಡಿಬಿಎಂ. 10ಜಿ ಈಥರ್ನೆಟ್ಟಿನ ಮಾನದಂಡವಾದ 802.3ಎಇ ಗುರಿಗಳಲ್ಲಿ ಈಗಾಗಲೇ ಹಾಕಿರುವ ಮಲ್ಟಿಮೋಡಿಗೆ ಕನಿಷ್ಠ 300 ಮೀಟರ್ ಎಂದೇ ಇದೆಯಲ್ಲ? ಮಾಡ್ಯೂಲ್ ಹಾಳಾಗಿದೆಯೇ?

ಕುಂಬಳೆ:
ಕನೆಕ್ಟರ್ ಕ್ಲೀನ್ ಮಾಡಿದಿರಾ? ಮಳೆಗಾಲ ಕಳೆದ ಮೇಲೆ ನಮ್ಮಲ್ಲಿ ಮೊದಲು ನೋಡುವುದು ಅದನ್ನೇ.

ಪೆರ್ಲ:
ಮೈನಸ್ 4 ಬರುತ್ತಿದ್ದರೆ ಬೆಳಕಿಗೆ ಕೊರತೆಯಿಲ್ಲ, ಕನೆಕ್ಟರಿನ ಮೇಲೆ ಸಂಶಯ ಬೇಡ. ಮಾಷ್ಟ್ರೇ, ಕೇಬಲಿನ ಹೊದಿಕೆ ಮೇಲೆ ಏನು ಪ್ರಿಂಟ್ ಆಗಿದೆ? ಬಣ್ಣ ನಂಬಬೇಡಿ, ಅಕ್ಷರ ಓದಿ ಹೇಳಿ.

ಬದಿಯಡ್ಕದ ಮಾಷ್ಟ್ರು:
62.5/125 ಎಂದಿದೆ.

ಪೆರ್ಲ:
ಅಂದರೆ ಕೋರ್ 62.5 ಮೈಕ್ರಾನ್, ಹಳೆಯ ದಪ್ಪ ಬಗೆ. ಹಾಗಾದರೆ ಮಾಡ್ಯೂಲ್ ಸರಿಯಾಗಿಯೇ ಇದೆ. ಗುರಿಪಟ್ಟಿಯನ್ನು ಓದುವ ಕ್ರಮ ತಿಳಿಯದಿದ್ದರೆ ಇಲ್ಲಿ ಯಾರಾದರೂ ಎಡವುತ್ತಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಗುರಿಗಳನ್ನು ಬರೆಯುವುದು ಕೆಲಸ ಶುರುವಾಗುವ ಹೊತ್ತಿನಲ್ಲಿ. ಇಂಥ ಫೈಬರಿನಲ್ಲಿ ಇಷ್ಟು ದೂರ ಹೋಗುವ ಒಂದು ದಾರಿ ಈ ಮಾನದಂಡದೊಳಗೆ ಇರಬೇಕು ಎಂಬುದಷ್ಟೇ ಅದರ ಅರ್ಥ. ಆ ದಾರಿ ಯಾವ ಪೋರ್ಟಿನದು ಎಂದು ಅಲ್ಲಿ ಇರುವುದಿಲ್ಲ. 2002ರಲ್ಲಿ 802.3ಎಇ ಬಂದಾಗ ಹಳೆಯ ಮಲ್ಟಿಮೋಡಿನ 300 ಮೀಟರ್ ಗುರಿಯನ್ನು ಪೂರೈಸಿದ್ದು ಎಲ್‌ಎಕ್ಸ್4. 1300 ನ್ಯಾನೋಮೀಟರ್ ಸುಮಾರಿಗೆ ನಾಲ್ಕು ತರಂಗಾಂತರಗಳಲ್ಲಿ ಡೇಟಾವನ್ನು ಹಂಚಿ ಕಳಿಸುವ ಪೋರ್ಟ್ ಅದು. ಎಸ್‌ಆರ್ 850 ನ್ಯಾನೋಮೀಟರಿನದು. ಅದರ 300 ಮೀಟರ್ ಓಎಂ3 ಎಂಬ ಸುಧಾರಿತ ಮಲ್ಟಿಮೋಡಿಗೆ ಮಾತ್ರ. ನಿಮ್ಮ 62.5ರಲ್ಲಿ, 200 ಮೆಗಾಹರ್ಟ್ಜ್-ಕಿಲೋಮೀಟರ್ ಬ್ಯಾಂಡ್‌ವಿಡ್ತ್ ದರ್ಜೆಯದಾದರೂ, ಬರೀ 33 ಮೀಟರ್. 160ರ ದರ್ಜೆಯಾದರೆ 26.

ಕಾರಣ ಮೋಡಲ್ ಡಿಸ್ಪರ್ಷನ್. ದಪ್ಪ ಕೋರಿನಲ್ಲಿ ಬೆಳಕು ಹಲವು ಹಾದಿ ಹಿಡಿದು ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ, ಒಂದು ಬಿಟ್ ಮುಂದಿನದರ ಮೇಲೆ ಹರಡಿಕೊಳ್ಳುತ್ತದೆ. ಪವರ್ ಮೀಟರಿಗೆ ಇದು ಕಾಣುವುದೇ ಇಲ್ಲ. 1ಜಿಯಲ್ಲಿ ಬಿಟ್ ಉದ್ದವಿರುವುದರಿಂದ ಅದೇ ಕೇಬಲಿಗೆ ಎಸ್‌ಎಕ್ಸ್ 220ರಿಂದ 275 ಮೀಟರ್ ಹೋಗುತ್ತದೆ.

ಬದಿಯಡ್ಕದ ಮಾಷ್ಟ್ರು:
ಈಗ ಅರ್ಥವಾಯಿತು. ಹೊಸದಾಗಿ ಅಗೆಯುವುದು ಕಷ್ಟ, ನಮ್ಮದು ಮುರಕಲ್ಲಿನ ನೆಲ. ಹಳೆ ಕೇಬಲನ್ನೇ ಉಳಿಸಿಕೊಳ್ಳಬಹುದೇ?

ಪೆರ್ಲ:
2006ರ ಎಲ್‌ಆರ್‌ಎಂ ಎಂಬ 10ಜಿ ಮಾಡ್ಯೂಲ್ ಇಂಥ ಹಳೆ ಫೈಬರಿಗೆಂದೇ ಮಾಡಿದ್ದು, 220 ಮೀಟರ್ ವರೆಗೆ. ಆದರೆ ಎಲ್ಲ ಸ್ವಿಚ್‌ಗಳೂ ಅದನ್ನು ಒಪ್ಪುವುದಿಲ್ಲ, ಮೋಡ್ ಕಂಡಿಷನಿಂಗ್ ಪ್ಯಾಚ್ ಕಾರ್ಡೂ (ಬೆಳಕನ್ನು ಕೋರಿನ ನಡುವಿನಿಂದ ಸ್ವಲ್ಪ ಸರಿಸಿ ಬಿಡುವ ತುಂಡು ಕೇಬಲ್) ಬೇಕಾದೀತು. ನಾನಾದರೆ ಅದಕ್ಕೆ ಹಣ ಹಾಕುವುದಿಲ್ಲ. ಪೈಪಿನಲ್ಲಿ ಜಾಗವಿದ್ದರೆ ಸಿಂಗಲ್ ಮೋಡ್ ಫೈಬರ್ (ಬೆಳಕಿಗೆ ಒಂದೇ ಹಾದಿ ಇರುವ ಬಗೆ) ಜಿ.652.ಡಿ ಎಳೆಸಿ, ಅದಕ್ಕೆ ಹೊಂದುವ 10ಜಿ ಮಾಡ್ಯೂಲ್ ಎಲ್‌ಆರ್ ಹಾಕಿ. 10 ಕಿಲೋಮೀಟರ್ ಮಾಡ್ಯೂಲ್ 180 ಮೀಟರಿಗೆ ಜೋರಾದೀತು ಎಂಬ ಹೆದರಿಕೆ ಬೇಡ. ಅದು ಕಳಿಸುವ ಗರಿಷ್ಠ 0.5 ಡಿಬಿಎಂ ಅನ್ನು ಎದುರಿನ ರಿಸೀವರ್ ತಡೆದುಕೊಳ್ಳುತ್ತದೆ, ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಬೇಕಿಲ್ಲ. 40 ಕಿಲೋಮೀಟರಿನ ಇಆರ್ ಮಾಡ್ಯೂಲ್ ಮಾತ್ರ ತರಬೇಡಿ, ಅದು ಇಷ್ಟು ಹತ್ತಿರಕ್ಕೆ ಜೋರಾಗುತ್ತದೆ. ನಮ್ಮ ಕಡೆಯ ಸಿಡಿಲಿಗೆ ಉಕ್ಕಿನ ಕವಚವಿಲ್ಲದ ಕೇಬಲೇ ಒಳ್ಳೆಯದು.

ಕುಂಬಳೆ:
ಸ್ಪ್ಲೈಸಿಂಗಿಗೆ (ಫೈಬರ್ ಬೆಸೆಯಲು) ಹತ್ತಿರದ ಕೇಬಲ್ ಟಿವಿಯವರನ್ನು ಕೇಳಿ, ಅವರಲ್ಲಿ ಮೆಷಿನ್ ಇರುತ್ತದೆ.

ಪೆರ್ಲ:
ಹೌದು. ಹೊಸದು ಟೆಸ್ಟ್ ಆಗುವ ತನಕ ಹಳೆಯದನ್ನು ಪೈಪಿನಿಂದ ತೆಗೆಯಬೇಡಿ ಮಾಷ್ಟ್ರೇ. ಇವತ್ತೇ ಎಸ್‌ಎಕ್ಸ್ ವಾಪಸ್ ಹಾಕಿಬಿಡಿ, ಲ್ಯಾಬ್ ನಡೆಯಲಿ.