ಸಹಾಯ ಬೇಕು: ಫಿಕ್ಸೆಡ್ ಲೆನ್ಸ್ (ಲೆನ್ಸ್ ಕಳಚಲು ಬಾರದ) ಕ್ಯಾಮೆರಾ ಬಿಚ್ಚಿ, ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳು ತೆಗೆಯುವವರು ಮೈಸೂರು, ಮಂಡ್ಯ ಕಡೆ ಇದ್ದಾರಾ?

ನನ್ನದು 28 ಎಂಎಂಗೆ ಸಮನಾದ (ಅಗಲ ನೋಟದ) ಎಫ್ 2.8 ಲೆನ್ಸ್, ಎಪಿಎಸ್-ಸಿ ಅಳತೆಯ ದೊಡ್ಡ ಸೆನ್ಸರ್ ಇರುವ ಜೇಬಿನ ಕ್ಯಾಮೆರಾ. ಎಫ್ ಸಂಖ್ಯೆ ಏರಿದಷ್ಟೂ ಲೆನ್ಸಿನ ಕಿಂಡಿ ಕಿರಿದು; ಎಫ್ 11 ದಾಟಿದರೆ ಆಕಾಶದ ಮೇಲಿನ ಬಲಮೂಲೆಯಲ್ಲಿ ಸಾಸಿವೆಯಂಥ ಎರಡು ಬೂದು ಚುಕ್ಕೆ. ಎಫ್ 2.8ರಲ್ಲಿ ಮಾಯ. ಫೋಕಸ್ ಬದಲಿಸಿದರೂ ಕದಲುವುದಿಲ್ಲ. ಅಂದರೆ ಧೂಳು ಕೂತಿರುವುದು ಸೆನ್ಸರ್ ಗಾಜಿನ ಮೇಲೆ. ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಮುಂದಿನಿಂದ ನೋಡಿದರೆ ಕೆಳಗಿನ ಬಲಮೂಲೆಯಲ್ಲಿ ಹುಡುಕಬೇಕು.

ಆನ್ ಆಫ್ ಮಾಡಿದಾಗಲೆಲ್ಲ ಲೆನ್ಸ್ ನಳಿಗೆ ಹೊರಚಾಚಿ ಒಳಸರಿದು ಪಂಪಿನಂತೆ ಗಾಳಿ ಎಳೆಯುತ್ತದೆ. ಮಂಡ್ಯ ಕಡೆ ಆಲೆಮನೆ ಒಲೆಯ ಪಕ್ಕ ಕಬ್ಬಿನ ಸಿಪ್ಪೆಯ ಬೂದಿ ಹಾರುವಾಗ ಇದೇ ಅಪಾಯ. ಮೆನುವಿನ ಧೂಳು ಕೊಡವುವ ಆಯ್ಕೆಯನ್ನು ಲೆನ್ಸ್ ಕೆಳಮುಖ ಮಾಡಿ ಹತ್ತು ಸಲ ಓಡಿಸಿದರೂ ಚುಕ್ಕೆ ಹೋಗಿಲ್ಲ.

ಇಂಥ ಒಳ್ಳೆಯ ಲೆನ್ಸ್ ಮಾಡಿ ನಳಿಗೆಗೆ ಒಂದು ಸೀಲ್ ಕೂಡ ಹಾಕದ, ಧೂಳಿಗೂ ಇಡೀ ಲೆನ್ಸ್ ಘಟಕ ಬದಲಿಸಿ ಅನ್ನುವ ಕಂಪನಿ ಮೇಲೆ ನನಗೆ ಸಿಟ್ಟಿದೆ. ಕ್ಯಾಮೆರಾ ಮಾತ್ರ ಬಿಡಲಾರೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಎಫ್ 8, ಫೋಕಸ್ 2 ಮೀಟರ್‌ಗೆ ಕಟ್ಟಿದರೆ, ಸುಮಾರು ಒಂದು ಮೀಟರ್‌ನಿಂದ ಆಚೆಗೆಲ್ಲ ಸ್ಪಷ್ಟ. ಲೆನ್ಸ್ ಒಳಗಿನ ಲೀಫ್ ಶಟರ್ (ಎಲೆಯಂಥ ತೆಳು ರೆಕ್ಕೆಗಳ ಶಟರ್) ಸದ್ದು ಪಕ್ಕದವರಿಗೂ ಕೇಳಿಸದು.

ಈ ಥರದ ಕ್ಯಾಮೆರಾ ಬಿಚ್ಚಿ ಅಭ್ಯಾಸ ಇರುವವರೇ ಬೇಕು. ಒಳಗಿನ ತೆಳು ಫ್ಲೆಕ್ಸ್ ಕೇಬಲ್ (ಬಾಗುವ ಪಟ್ಟಿಯಂಥ ವೈರು) ಹರಿದರೆ ಲೆನ್ಸ್ ಸತ್ತಂತೆ. ಸೆನ್ಸರ್ ಕೂದಲೆಳೆ ಓರೆಯಾಗಿ ಕೂತರೂ ಒಂದು ಅಂಚು ಮಬ್ಬಾಗುತ್ತದೆ. ಬಿಚ್ಚುವ ಮುಂಚೆ, ಜೋಡಿಸಿದ ಮೇಲೆ ಧೂಳು ಕಾಣಲು ಎಫ್ 16ರಲ್ಲಿ ಬಿಳಿ ಗೋಡೆ, ಅಂಚಿನ ಮಬ್ಬು ಕಾಣಲು ಎಫ್ 2.8ರಲ್ಲಿ ಇಟ್ಟಿಗೆ ಗೋಡೆಯ ಚಿತ್ರ ತೆಗೆದು ತೋರಿಸಬೇಕು. ಅಂಥವರು ಗೊತ್ತಿದ್ದರೆ ಅಂಗಡಿ ಎಲ್ಲಿ, ಕೂಲಿ ಎಷ್ಟು, ದಯವಿಟ್ಟು ತಿಳಿಸಿ.