ಸಹಾಯ ಬೇಕು: ಮೊದಲ ಸಲ ಕುದುರೆ ಏರುವ ಮಗುವಿಗೆ ಎಷ್ಟು ಅಭ್ಯಾಸ ಸಾಕು?

ಎಲ್ಲರಿಗೂ ನಮಸ್ಕಾರ. ನಾವಿಬ್ಬರೂ ಹತ್ತು ವರ್ಷದ ಮಗಳೊಂದಿಗೆ ಹಳ್ಳಿಗಾಡಿನಲ್ಲಿ ಕೆಲವು ದಿನ ಡೇರೆಯಲ್ಲಿ ತಂಗಲು ಹೊರಟಿದ್ದೇವೆ. ಮಂಚ, ಹಾಸಿಗೆ, ಸ್ನಾನಗೃಹಗಳಿರುವ ಗ್ಲ್ಯಾಂಪಿಂಗ್ ಡೇರೆ ಸಿಕ್ಕಿರುವುದರಿಂದ ವಸತಿಯ ಚಿಂತೆಯಿಲ್ಲ. ತೊಡಕಿರುವುದು ಕುದುರೆ ಸವಾರಿಯಲ್ಲಿ. ಮಗಳು ಈ ಪ್ರವಾಸಕ್ಕೆ ಕಾಯುತ್ತಿರುವುದೇ ಅದಕ್ಕಾಗಿ, ಆದರೆ ನಮ್ಮಲ್ಲಿ ಯಾರೂ ಇದುವರೆಗೆ ಕುದುರೆ ಏರಿದವರಲ್ಲ.

ಸಮೀಪದ ಎರಡು ಲಾಯಗಳನ್ನು ವಿಚಾರಿಸಿದೆ. ಒಂದು ಕಡೆ ತೂಕವನ್ನೇ ಕೇಳದೆ, ಕುದುರೆಗಳು ಸಾಧುವಾದವು, ಬಂದ ಕೂಡಲೇ ಹೊರದಾರಿಯ ಸವಾರಿಗೆ ಹೊರಡಬಹುದು ಎಂದರು. ಜೀನೂ ಸೇರಿದಂತೆ ಬೆನ್ನಿನ ಮೇಲಿನ ಭಾರವು ಕುದುರೆಯ ತೂಕದ ಸುಮಾರು ಶೇ. 20ನ್ನು ಮೀರಬಾರದೆಂಬ ರೂಢಿಯ ಲೆಕ್ಕದಂತೆ 450 ಕಿಲೋ ತೂಗುವ ಕುದುರೆಗೆ 90 ಕಿಲೋ ಮಿತಿಯಾಗುತ್ತದೆ. ನನ್ನ ಪತಿಯವರೇ 86 ಕಿಲೋ ಇರುವಾಗ ಈ ಉದಾಸೀನ ನನಗೆ ಸರಿಕಾಣಲಿಲ್ಲ, ಮೂಕಪ್ರಾಣಿಗೂ ಅದು ಅನ್ಯಾಯವೇ. ಇನ್ನೊಂದು ಲಾಯದವರು ಎಲ್ಲರ ತೂಕ, ಎತ್ತರ ಬರೆದುಕೊಂಡು, ಬೇಲಿಯೊಳಗಿನ ಅಂಗಳದಲ್ಲಿ ಅರ್ಧ ಗಂಟೆಯ ಪಾಠ ಮುಗಿಯದೆ ಹೊರಗೆ ಕರೆದೊಯ್ಯುವುದಿಲ್ಲ ಎಂದರು. ಅಲ್ಲಿಗೇ ಹೋಗಲು ಮನಸ್ಸು ಮಾಡಿದ್ದೇವೆ. ಸವಾರಿಯ ಹೆಲ್ಮೆಟ್ಟನ್ನೂ, ಪಾದವು ರಿಕಾಪಿನೊಳಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆಯೊಳಗೆ) ಜಾರಿ ಸಿಕ್ಕಿಕೊಳ್ಳದಂತೆ ತಡೆಯುವ ಹಿಮ್ಮಡಿಯುಳ್ಳ ಬೂಟನ್ನೂ ಹೊಂದಿಸಿಕೊಂಡಾಗಿದೆ.

ಗೊಂದಲವಿರುವುದು ಇಷ್ಟರಲ್ಲೇ: ಪಾಠದ ನಂತರ ಮಗಳ ಕೈಗೇ ಲಗಾಮು ಕೊಡುತ್ತಾರಂತೆ, ನಾವು ಮುಂಚಿತವಾಗಿ ಕೇಳಿದರೆ ಮಾತ್ರ ಒಬ್ಬ ಸಹಾಯಕರು ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುತ್ತಾರಂತೆ. ಮಕ್ಕಳಿಗೆ ಸವಾರಿ ಕಲಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಅರ್ಧ ಗಂಟೆಯ ಪಾಠದ ಬಳಿಕ ಮಗು ತಾನೇ ಕುದುರೆ ನಡೆಸುವುದು ಸುರಕ್ಷಿತವೇ, ಅಥವಾ ಮೊದಲ ಸವಾರಿಯುದ್ದಕ್ಕೂ ಹಗ್ಗ ಹಿಡಿಯುವವರು ಇರಲೇಬೇಕೇ?