ಫೋಟೋಡೈನಮಿಕ್ ಥೆರಪಿ, ಬಿನೈನ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ತೊಂದರೆಯ ಬಗ್ಗೆ ಹೆಣ್ಣುಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು ಫೋಟೋಡೈನಮಿಕ್ ಥೆರಪಿ, ಅಂದರೆ ಔಷಧಿ ಕೊಟ್ಟು ಅದರ ಮೇಲೆ ಬೆಳಕು ಹಾಯಿಸಿ ಮಾಡುವ ಚಿಕಿತ್ಸೆ. 1990ರ ದಶಕದಲ್ಲಿ ಇದನ್ನು ಗರ್ಭಕೋಶದ ಒಳಪದರದ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ಅಮಿನೋಲೆವುಲಿನಿಕ್ ಆಮ್ಲ ಅನ್ನುವ ಔಷಧಿಯ ದ್ರಾವಣವನ್ನು ಸಣ್ಣ ಕೊಳವೆಯಲ್ಲಿ ಗರ್ಭಕೋಶದೊಳಗೆ ಬಿಡುತ್ತಾರೆ. ಕೆಲವು ಗಂಟೆ ಕಾಯುತ್ತಾರೆ. ಅಷ್ಟರಲ್ಲಿ ಒಳಪದರದ ಜೀವಕೋಶಗಳು ಅದನ್ನು ಪ್ರೋಟೋಪಾರ್ಫಿರಿನ್ ಅನ್ನುವ, ಬೆಳಕಿಗೆ ಸ್ಪಂದಿಸುವ ವಸ್ತುವಾಗಿ ಬದಲಾಯಿಸಿಕೊಂಡಿರುತ್ತವೆ. ಆಮೇಲೆ ಸುಮಾರು 635 ನ್ಯಾನೊಮೀಟರಿನ ಕೆಂಪು ಬೆಳಕನ್ನು ಒಳಗೆ ಹಾಯಿಸುತ್ತಾರೆ. ಬೆಳಕು ತಾಗಿದ ಕಡೆ ಆ ವಸ್ತು ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಜೀವಕೋಶವನ್ನು ಕೊಲ್ಲುತ್ತದೆ. ಗರ್ಭಕೋಶ ತೆಗೆಸದೆ ರಕ್ತಸ್ರಾವ ತಗ್ಗಿಸುವುದು ಇದರ ಉದ್ದೇಶ. ಈ ತೊಂದರೆಗೆ ಇದು ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ.

‘ಬೆಳಕಿನ ಚಿಕಿತ್ಸೆ’ ಅಂದರೆ ಕಾಮಾಲೆಯಾದ ಹಸುಗೂಸನ್ನು ನೀಲಿ ದೀಪದ ಕೆಳಗೆ ಮಲಗಿಸುವುದೇ ತಲೆಗೆ ಬರುತ್ತದೆ. ಅಲ್ಲಿ ಔಷಧಿ ಇಲ್ಲ, ಬರೀ ಬೆಳಕು. ‘ದ್ಯುತಿಗತಿಕ ಚಿಕಿತ್ಸೆ’ ಅನ್ನಬಹುದು. ದ್ಯುತಿಸಂಶ್ಲೇಷಣೆ ಓದಿದವರಿಗೆ ‘ದ್ಯುತಿ’ ಗೊತ್ತು, ಆದರೆ ‘ಗತಿಕ’ದಿಂದ ಏನು ತಿಳಿಯುತ್ತದೆ? ಇಲ್ಲಿ ಯಾವುದೂ ಚಲಿಸುವುದಿಲ್ಲ. ಔಷಧಿ, ಬೆಳಕು ಎರಡೂ ಕೂಡಿದರೆ ಮಾತ್ರ ಕೆಲಸ ಆಗುತ್ತದೆ ಅನ್ನುವುದು ಹೆಸರಿನಲ್ಲೇ ಕಾಣಬೇಕು. ‘ಬೆಳಕು-ಮದ್ದು ಚಿಕಿತ್ಸೆ’ ನನಗೆ ಹಿಡಿಸಿದೆ. ಒಂದೇ ಅಳುಕು, ‘ಮದ್ದು ಹಾಕಿದ್ದಾರೆ’ ಅಂದರೆ ನಮ್ಮ ಕಡೆ ಅರ್ಥವೇ ಬೇರೆ. ಅದೂ ಹೊಟ್ಟೆಯೊಳಗಿನ ಮಾತು ಬೇರೆ! ‘ಬೆಳಕು-ಔಷಧಿ’ ಅಂದರೆ ಸರಿಹೋದೀತಾ?

ಎರಡನೆಯದು ‘ಬಿನೈನ್’, ಕಾಯಿಲೆ ಕ್ಯಾನ್ಸರ್ ಅಲ್ಲ ಅನ್ನಲು ವೈದ್ಯರು ಬಳಸುವ ಇಂಗ್ಲಿಷ್ ಪದ. ನನಗೆ ಹೆಚ್ಚು ಕಾಡುತ್ತಿರುವುದು ಇದೇ. ‘ನಿರಪಾಯಕಾರಿ’, ‘ಸೌಮ್ಯ’ ಅಂತ ಬರೆಯುವುದು ರೂಢಿ. ತಿಂಗಳು ತಿಂಗಳು ರಕ್ತ ಹೋಗಿ ಹೋಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಷ್ಟು ರಕ್ತ ಕಡಿಮೆಯಾದ ಹೆಂಗಸಿಗೆ ‘ಇದು ಸೌಮ್ಯ ಕಾಯಿಲೆ’ ಅನ್ನುವುದು ಹೇಗೆ? ಅಪಾಯ ಇಲ್ಲವಂತೆ ಅಂತ ಅವಳು ಸುಮ್ನೆ ಕೂತುಬಿಡುತ್ತಾಳೆ. ವೈದ್ಯರು ಬಾಯಲ್ಲಿ ಹೇಳುವ ‘ಕ್ಯಾನ್ಸರ್ ಅಲ್ಲದ’ ಅನ್ನುವುದೇ ನೇರವಾಗಿದೆ, ಅಲ್ವಾ? ಕ್ಯಾನ್ಸರ್ ಹೆಸರೆತ್ತಿದರೇ ಕೆಲವರು ಹೆದರುತ್ತಾರೆ, ನಿಜ. ಆದರೂ ಸುಳ್ಳು ಧೈರ್ಯಕ್ಕಿಂತ ಅದು ವಾಸಿ. ಇದಕ್ಕಿಂತ ಒಳ್ಳೆಯ ಪದ ನಿಮ್ಮೂರಿನ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು. ಉತ್ತರ ಕರ್ನಾಟಕದವರು ‘ಗರ್ಭಚೀಲ’ ಅನ್ನುವುದನ್ನು ಕೇಳಿದ್ದೇನೆ. ಬರಹದಲ್ಲಿ ‘ಗರ್ಭಕೋಶ’ ಅಂತಷ್ಟೇ ಇಟ್ಟರೆ ಆ ಕಡೆಯವರಿಗೆ ಓದಲು ತೊಡಕಾಗುತ್ತದಾ?